ಮನೆ ಕೊಡುವ ಮಂಡಲಿಯಲ್ಲಿ ಮನೆವಾಸಿಗಳಿಗೆ ಸ್ಥಾನವೆಲ್ಲಿ?

ನಮ್ಮ ರಾಜ್ಯದ ಮುಜರಾಯಿ ದೇವಾಲಯಗಳ ವ್ಯವಸ್ಥಾಪನಾ ಸಮಿತಿಗಳಲ್ಲಿ ಯಾರಿರಬೇಕೆಂಬುದನ್ನು 1997ರ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮವು ಬಿಡಿಸಿ ಹೇಳಿದೆ. ಸದಸ್ಯರು ಒಂಬತ್ತು ಮಂದಿ. ಅವರಲ್ಲಿ ಅರ್ಚಕರೊಬ್ಬರು, ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು, ಸ್ತ್ರೀಯರಿಬ್ಬರು ಇರಬೇಕೆಂದು ವಿಧಿಸಿದ ಮೇಲೆ, ದೇವಾಲಯದ ಆಸುಪಾಸಿನಲ್ಲಿ ವಾಸಿಸುವವರೊಬ್ಬರು ಕೂಡ ಇರತಕ್ಕದ್ದೆಂದು ಅದು ಆಜ್ಞಾಪಿಸುತ್ತದೆ. ಬೇಲೂರಿನ ಚೆನ್ನಕೇಶವನ ಸನ್ನಿಧಿಯ ಬೀದಿಗಳಲ್ಲಿ ನಡೆದಾಡಿದವರಿಗೆ ಈ ಕೊನೆಯ ವಿಧಿಯ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ. ರಥೋತ್ಸವದ ದಿನ ಯಾವ ಬೀದಿಯಲ್ಲಿ ಜನ ಒತ್ತರಿಸುವರು, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುವುದು, ಯಾವ ಅಂಗಡಿಯ ಚಾವಣಿ ಯಾರ ಬಾಗಿಲಿಗೆ ಅಡ್ಡವಾಗುವುದು ಎಂಬಿವೇ ಮೊದಲಾದ ಸಂಗತಿಗಳು ನೆರೆಯವನಿಗಲ್ಲದೆ ಬೇರೆಯವರಿಗೆ ತಿಳಿಯುವಂತಹವಲ್ಲ. ದೇವರ ಮನೆಯ ಆಡಳಿತಕ್ಕೆ ನೆರೆಯವನೊಬ್ಬ ಬೇಕೆಂದು ಕಂಡುಕೊಂಡ ನಮ್ಮ ಶಾಸನಬುದ್ಧಿಯು, ಬಡವನ ಮನೆಯನ್ನು ನಿರ್ಣಯಿಸುವ ಸಮಿತಿಯನ್ನು ರಚಿಸುವ ಸಂದರ್ಭದಲ್ಲಿ ಆ ವಿವೇಕವನ್ನು ತೋರಲಿಲ್ಲವೆಂಬುದೇ ನನ್ನ ಈ ವಾರದ ವ್ಯಥೆ.

ಆ ಸಮಿತಿಯ ಹೆಸರು ಆಶ್ರಯ ಸಮಿತಿ. 1991-92ರಲ್ಲಿ ಆಶ್ರಯ ಯೋಜನೆ ಪ್ರಾರಂಭವಾದಂದಿನಿಂದ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಗಿ ವಸತಿ ಯೋಜನೆಗಳೆಲ್ಲ ಅದರ ಕೈಗೆ ಬಂದ ಮೇಲೂ, ಪಟ್ಟಣಗಳಲ್ಲಿ ನಿವೇಶನ ಯಾರಿಗೆ, ಮನೆ ಯಾರಿಗೆ ಎಂಬುದನ್ನು ತೀರ್ಮಾನಿಸುವ ಕಾರ್ಯ ಈ ಸಮಿತಿಗೆ ಸೇರಿದ್ದು. ಕ್ಷೇತ್ರದ ಶಾಸಕರು ಇದರ ಅಧ್ಯಕ್ಷರು. ಅರಸೀಕೆರೆಯಂತಹ ನಗರಸಭೆಯಾದರೆ ಪೌರಾಯುಕ್ತರು, ಬೇಲೂರಿನಂತಹ ಪುರಸಭೆಯಾದರೆ ಮುಖ್ಯಾಧಿಕಾರಿಗಳು, ಇದರ ಕಾರ್ಯದರ್ಶಿಗಳು. ಉಳಿದವರು ಸರ್ಕಾರವು ನಾಮನಿರ್ದೇಶನ ಮಾಡುವ ಅಧಿಕಾರೇತರ ಸದಸ್ಯರು. ಈ ಸದಸ್ಯರಲ್ಲಿ ಪರಿಶಿಷ್ಟರಿಗೂ ಸ್ತ್ರೀಯರಿಗೂ ಸ್ಥಾನವುಂಟು, ಅದು ಯೋಗ್ಯವಾದದ್ದೇ. ಆದರೆ ಅವರಲ್ಲಿ ಒಬ್ಬರಾದರೂ ಆಶ್ರಯ ಬಡಾವಣೆಯಲ್ಲಿ ವಾಸಿಸುವವರಾಗಿರಬೇಕೆಂದಾಗಲಿ, ಬಾಡಿಗೆಯ ಕೊಠಡಿಯಲ್ಲಿ ಕುಳಿತು ಹಕ್ಕುಪತ್ರಕ್ಕಾಗಿ ಕಾಯುತ್ತಿರುವವರಾಗಿರಬೇಕೆಂದಾಗಲಿ ಕಡ್ಡಾಯವಿಲ್ಲ. ನಾಮನಿರ್ದೇಶನವೆಂಬುದು ನಮ್ಮಲ್ಲಿ ಪಕ್ಷದ ಕಾರ್ಯಕರ್ತರ ಶ್ರಮಕ್ಕೆ ಸಲ್ಲುವ ಸಂಭಾವನೆಯಂತೆ ಪರಿಣಮಿಸಿ, ಸರ್ಕಾರ ಬದಲಾದೊಡನೆ ಹಳೆಯ ಹೆಸರುಗಳು ರದ್ದಾಗಿ ಹೊಸ ಹೆಸರುಗಳು ಬರುವುದು ಎಷ್ಟು ಸಹಜವಾಗಿ ಹೋಗಿದೆಯೆಂದರೆ, ಆ ಹೆಸರುಗಳನ್ನು ಆಯ್ದ ಬಗೆ ಯಾವುದೆಂದು ಕೇಳುವ ಅಭ್ಯಾಸವೇ ನಮಗೆ ತಪ್ಪಿದೆ.

ಇದರ ವಿಚಿತ್ರವು ಸ್ಪಷ್ಟವಾಗಬೇಕಾದರೆ ಬೇಲೂರಿನಿಂದ ಹದಿನಾರು ಕಿಲೋಮೀಟರಿನಷ್ಟು ದೂರದ ಹಳೇಬೀಡಿಗೆ ಹೋಗಬೇಕು. ಗ್ರಾಮ ಪಂಚಾಯಿತಿಯ ಆಡಳಿತದಲ್ಲಿ ಬೆಳೆದ ಊರು ಅದು. ಗ್ರಾಮಗಳಲ್ಲಿ ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸುವ ಅಧಿಕಾರವು ಗ್ರಾಮಸಭೆಯದು. ಸಂವಿಧಾನದ 73ನೆಯ ತಿದ್ದುಪಡಿಯೂ ನಮ್ಮ 1993ರ ಪಂಚಾಯತ್ ರಾಜ್ ಅಧಿನಿಯಮವೂ ಗ್ರಾಮಸಭೆಗೆ ಮಾನ್ಯತೆಯಿತ್ತಿವೆ. ಅಲ್ಲಿಯ ಸಭೆಗಳು ಎಲ್ಲ ಕಾಲದಲ್ಲಿಯೂ ನೇರವಾಗಿ ನಡೆಯುತ್ತವೆಂದು ನಾನು ಹೇಳುವುದಿಲ್ಲ. ಜನ ಸೇರದೆ ಪುಸ್ತಕದಲ್ಲಿ ಮಾತ್ರ ಸಹಿಗಳು ಸೇರುವ ಸಭೆಗಳುಂಟೆಂಬುದನ್ನು ಹಳ್ಳಿಯವರೆಲ್ಲ ಬಲ್ಲರು. ಹಾಗಿದ್ದರೂ, ಪಟ್ಟಿಯನ್ನು ಓದುವಾಗ ಎದ್ದು ನಿಂತು, ‘ಇವರಿಗೆ ಆಗಲೇ ಮನೆಯಿದೆ, ಆ ವಿಧವೆಗೆ ಇಲ್ಲ’ ಎಂದು ಹೇಳುವ ಹಕ್ಕು ಹಳೇಬೀಡಿನ ಕೂಲಿಯವಳಿಗುಂಟು. ಇನ್ನು ಮಹಾನಗರಗಳ ಮಾತು: ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನವು ಕಡ್ಡಾಯಗೊಳಿಸಿದೆ. ಇವೆರಡರ ನಡುವೆ ಸಿಕ್ಕಿಕೊಂಡದ್ದು ಸಣ್ಣ ಪಟ್ಟಣ. 2011ರ ಜನಗಣತಿಯಲ್ಲಿ ಅರ್ಧ ಲಕ್ಷದ ಆಸುಪಾಸಿನಲ್ಲಿದ್ದ ಅರಸೀಕೆರೆಗೂ, ಅದರ ಅರ್ಧಕ್ಕಿಂತ ಚಿಕ್ಕದಾದ ಬೇಲೂರಿಗೂ, ಹಳ್ಳಿಯ ಗ್ರಾಮಸಭೆಯೂ ಇಲ್ಲ, ನಗರದ ವಾರ್ಡ್ ಸಮಿತಿಯ ಕಡ್ಡಾಯವೂ ಇಲ್ಲ. ಅಲ್ಲಿಯ ಬಡವನಿಗೆ ಉಳಿದಿರುವುದು ಆಶ್ರಯ ಸಮಿತಿಯೊಂದೇ. ಆ ಸಮಿತಿಯ ಸದಸ್ಯರ ನೇಮಕವು ನಡೆಯುವುದು ಅವನ ಕಣ್ಣಿಗೆ ಕಾಣದೆಡೆಯಲ್ಲಿ.

ಸದಸ್ಯರು ಯಾರಾದರೇನು, ನಿಯಮಗಳು ಸರಿಯಾಗಿದ್ದರೆ ಸಾಲದೆ, ಎಂಬ ಮಾತನ್ನು ನಾನು ಬಹಳ ಮಂದಿ ಸಜ್ಜನರ ಬಾಯಲ್ಲಿ ಕೇಳಿದ್ದೇನೆ. ಈ ಮಾತಿಗೆ ಕರ್ನಾಟಕದ ಚರಿತ್ರೆಯೇ ಉತ್ತರ ಕೊಟ್ಟಿದೆ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರರ ಅರ್ಜಿಗಳನ್ನು ವಿಚಾರಿಸಲು ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಲಿಗಳನ್ನು ಸ್ಥಾಪಿಸಿತಷ್ಟೆ. ಗೇಣಿ ಪದ್ಧತಿಯನ್ನು ನಿಯಂತ್ರಿಸುವ ಕಾಯಿದೆಗಳು ಅದಕ್ಕೆ ಮೊದಲೂ ಇದ್ದುವು. ಕಾಗದದಲ್ಲಿ ಗೇಣಿದಾರನಿಗೆ ರಕ್ಷಣೆಯೂ ಇದ್ದಿತು. ಹೊಸದಾಗಿ ಬಂದದ್ದು ಮುಖ್ಯವಾಗಿ ಪೀಠದ ರಚನೆ: ಸಹಾಯಕ ಆಯುಕ್ತರ ಅಧ್ಯಕ್ಷತೆಯಲ್ಲಿ ನಾಲ್ವರು ನಾಮನಿರ್ದೇಶಿತರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮತ್ತು ವಕೀಲರು ವಾದಿಸಕೂಡದೆಂಬ ನಿರ್ಬಂಧ. ಉಳುವವನು ತನ್ನ ಮಾತಿನಲ್ಲಿಯೇ ತನ್ನ ಕಥೆಯನ್ನು ಹೇಳಿಕೊಂಡನು. ಕೇಳುವವರಲ್ಲಿ ಆ ಮಾತನ್ನು ಬಲ್ಲವರಿದ್ದರು. ಲಕ್ಷಾಂತರ ಅರ್ಜಿಗಳು ಬಂದದ್ದು ಕಾಯಿದೆಯ ಅಕ್ಷರದಿಂದಷ್ಟೇ ಅಲ್ಲ, ಪೀಠದಲ್ಲಿ ಕುಳಿತವರ ಮೇಲೆ ಹುಟ್ಟಿದ ಭರವಸೆಯಿಂದಲೂ ಹೌದೆಂಬುದು ನನ್ನ ಅಭಿಪ್ರಾಯ. ಆ ನಾಮನಿರ್ದೇಶನಗಳಲ್ಲಿಯೂ ರಾಜಕೀಯವಿದ್ದಿತು, ಇಲ್ಲವೆನ್ನಲಾರೆ. ಆದರೆ ಯಾರ ಪಕ್ಷದಲ್ಲಿ ನಿಲ್ಲುವುದಕ್ಕಾಗಿ ಪೀಠವನ್ನು ಕಟ್ಟಲಾಯಿತೆಂಬುದರಲ್ಲಿ ಸಂದೇಹವಿರಲಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಪಾಠವೂ ನಮ್ಮಲ್ಲಿಯೇ ಇದೆ. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಗೃಹನಿರ್ಮಾಣ ಸಹಕಾರ ಸಂಘವು ಇಡೀ ದೇಶದಲ್ಲಿಯೇ ಮೊದಲನೆಯದೆಂಬ ಕೀರ್ತಿಯನ್ನು ಪಡೆಯಿತು. ಮನೆಯಿಲ್ಲದವರು ತಾವೇ ಕೂಡಿ, ತಮ್ಮಲ್ಲಿಯೇ ನಿರ್ದೇಶಕರನ್ನು ಆರಿಸಿಕೊಂಡು, ತಮ್ಮ ಬಡಾವಣೆಯನ್ನು ಕಟ್ಟಿಕೊಳ್ಳುವ ಆದರ್ಶವದು. ಆದರೆ 1980ರ ದಶಕದ ಹೊತ್ತಿಗೆ ಬೆಂಗಳೂರಿನ ಕೆಲವು ಗೃಹನಿರ್ಮಾಣ ಸಂಘಗಳಲ್ಲಿ ಅರ್ಹರಲ್ಲದವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದೂ, ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಮಧ್ಯವರ್ತಿಗಳನ್ನು ಹಿಡಿದದ್ದೂ ವಿಚಾರಣೆಗೆ ಒಳಗಾಗಿ, ಅಂತಹುದೊಂದು ಭೂಸ್ವಾಧೀನವನ್ನು 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಬೇಕಾಯಿತು. ಆ ಸಂಘಗಳಲ್ಲಿ ಚುನಾವಣೆಯಿರಲಿಲ್ಲವೆ? ಇದ್ದಿತು. ಮತ ಹಾಕುವ ಸದಸ್ಯನೇ ನಿಜವಾದ ಮನೆವಾಸಿಯಲ್ಲವಾದ ಪಕ್ಷದಲ್ಲಿ ಅವನು ಆರಿಸಿದ ಮಂಡಲಿಯು ಮನೆವಾಸಿಯ ಮಂಡಲಿಯಾಗುವುದೆಂತು? ಆದ್ದರಿಂದ ನೇಮಕವೋ ಚುನಾವಣೆಯೋ ಎಂಬ ಪ್ರಶ್ನೆಗಿಂತ ಮೊದಲಿನದು, ಆ ಸ್ಥಾನದಲ್ಲಿ ಕುಳಿತವನಿಗೂ ಆ ಮನೆಗೂ ಏನು ಸಂಬಂಧವೆಂಬ ಪ್ರಶ್ನೆ.

ಈ ಪ್ರಶ್ನೆಯನ್ನು ಸಮರ್ಪಕವಾಗಿ ಬಿಡಿಸಿದ ಒಂದು ವ್ಯವಸ್ಥೆ ಅಮೆರಿಕದಲ್ಲಿದೆ. ಅದರ ಬೇರು ನಮ್ಮ ನೆಲದಲ್ಲಿದೆಯೆಂಬುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ವಿನೋಬಾ ಭಾವೆಯವರು 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನವನ್ನು ಆರಂಭಿಸಿ, ಕ್ರಮೇಣ ಅದನ್ನು ಗ್ರಾಮದಾನಕ್ಕೆ ಬೆಳೆಯಿಸಿದರು: ಭೂಮಿಯ ಒಡೆತನ ಗ್ರಾಮದ್ದು, ಉಳುವ ಹಕ್ಕು ಕುಟುಂಬದ್ದು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಸಮೀಪದ ಯಲವಾಲದಲ್ಲಿ ನಡೆದ ಗ್ರಾಮದಾನ ಪರಿಷತ್ತಿಗೆ ಪ್ರಧಾನಿ ಜವಾಹರಲಾಲ್ ನೆಹರೂ ಅವರೂ, ಪರಸ್ಪರ ವಿರುದ್ಧವಾದ ಪಕ್ಷಗಳ ನಾಯಕರೂ ಬಂದು, ಆ ವಿಚಾರಕ್ಕೆ ತಮ್ಮ ಸಮ್ಮತಿಯನ್ನು ಸೂಚಿಸಿದರು. ನಮ್ಮಲ್ಲಿ ಗ್ರಾಮದಾನವು ನಿರೀಕ್ಷಿಸಿದಷ್ಟು ಬಾಳಲಿಲ್ಲ. ಆದರೆ ರಾಲ್ಫ್ ಬೋರ್ಸೋಡಿ, ರಾಬರ್ಟ್ ಸ್ವಾನ್ ಎಂಬ ಅಮೆರಿಕದ ಚಿಂತಕರು ಅದರಿಂದ ಸ್ಫೂರ್ತಿ ಪಡೆದರು. ಜಾರ್ಜಿಯಾ ಪ್ರಾಂತದ ಕರಿಯ ರೈತರಿಗಾಗಿ 1969ರಲ್ಲಿ, ಅಲ್ಲಿಯ ನಾಗರಿಕ ಹಕ್ಕುಗಳ ಹೋರಾಟಗಾರರ ಮುಂದಾಳುತನದಲ್ಲಿ, ಸಮುದಾಯ ಭೂನ್ಯಾಸವೊಂದು ಹುಟ್ಟಿತು. 1984ರಲ್ಲಿ ವರ್ಮಾಂಟ್ ಪ್ರಾಂತದ ಬರ್ಲಿಂಗ್ಟನ್ ನಗರವು ತನ್ನ ಬಡ ಬಾಡಿಗೆದಾರರಿಗಾಗಿ ಇದೇ ಮಾದರಿಯ ನ್ಯಾಸವನ್ನು ನೆರವಿತ್ತು ನಿಲ್ಲಿಸಿತು.

ಅದರ ಕ್ರಮ ಹೀಗೆ. ನೆಲವು ನ್ಯಾಸದ್ದು, ಅದನ್ನು ಎಂದೂ ಮಾರುವುದಿಲ್ಲ. ಮನೆಯು ಕುಟುಂಬದ್ದು, ನೆಲಕ್ಕೆ ಬಹುಮಟ್ಟಿಗೆ 99 ವರ್ಷಗಳ ಗುತ್ತಿಗೆ. ಮನೆಯನ್ನು ಮಾರಬೇಕಾದರೆ ನ್ಯಾಸವು ಗೊತ್ತುಮಾಡಿದ ಸೂತ್ರದಂತೆ ಮಿತವಾದ ಬೆಲೆಗೆ ಮತ್ತೊಬ್ಬ ಬಡವನಿಗೇ ಮಾರಬೇಕು. ಇಂತಹ ನ್ಯಾಸದ ಆಡಳಿತ ಮಂಡಲಿಯನ್ನು ಸಮವಾದ ಮೂರು ಭಾಗಗಳಾಗಿ ಕಟ್ಟುತ್ತಾರೆ. ಒಂದು ಭಾಗ, ನ್ಯಾಸದ ಮನೆಗಳಲ್ಲಿ ವಾಸಿಸುವವರು ತಮ್ಮಲ್ಲಿಯೇ ಆರಿಸಿದವರು. ಎರಡನೆಯ ಭಾಗ, ಅದೇ ಕೇರಿಯ, ಅದೇ ಊರಿನ, ಆದರೆ ನ್ಯಾಸದ ಮನೆಯಲ್ಲಿ ಇಲ್ಲದ ಜನರು ಆರಿಸಿದವರು. ಮೂರನೆಯ ಭಾಗ, ಪುರಸಭೆಯ ಪ್ರತಿನಿಧಿಗಳು, ವೃತ್ತಿಜ್ಞರು, ಸಾರ್ವಜನಿಕ ಹಿತವನ್ನು ನೋಡತಕ್ಕವರು. ಈ ಮೂರೆಂಬ ಸಂಖ್ಯೆಯು ಅಂದಕ್ಕಾಗಿ ಬಂದುದಲ್ಲ. ಮನೆಯಲ್ಲಿ ಇರುವವನಿಗೆ ಮಾರುವ ಬೆಲೆ ಏರಬೇಕೆಂಬ ಆಸೆ ಸಹಜ. ಮನೆಗಾಗಿ ಕಾಯುವವನಿಗೆ ಅದು ಇಳಿಯಬೇಕೆಂಬ ಆಸೆ ಅಷ್ಟೇ ಸಹಜ. ಪುರಸಭೆಗೆ ತನ್ನ ಬೊಕ್ಕಸದ ಚಿಂತೆ. ಈ ಮೂವರಲ್ಲಿ ಯಾರೊಬ್ಬರಿಗೂ ಬಹುಮತವಿಲ್ಲವಾದ್ದರಿಂದ, ಇನ್ನೊಬ್ಬರನ್ನು ಒಪ್ಪಿಸದೆ ಯಾರೂ ಏನನ್ನೂ ನಡೆಯಿಸಲಾರರು. ಸದಸ್ಯನ ಸಜ್ಜನಿಕೆಯನ್ನೊಂದೇ ನೆಚ್ಚಿಕೊಳ್ಳದೆ, ಸ್ವಹಿತವನ್ನು ಸ್ವಹಿತದಿಂದಲೇ ತೂಗಿ ನಿಲ್ಲಿಸಿದ ಈ ರಚನೆಯಲ್ಲಿ ಮನುಷ್ಯಸ್ವಭಾವದ ಆಳವಾದ ಅರಿವಿದೆಯೆಂದು ನಾನು ಭಾವಿಸುತ್ತೇನೆ.

ಇದನ್ನು ನಮ್ಮ ಮೂರು ಊರುಗಳಿಗೆ ತಂದು ನೋಡೋಣ. ಅರಸೀಕೆರೆ ರೈಲ್ವೆ ಜಂಕ್ಷನ್ನಿನ ಊರು, ತೆಂಗು ಮತ್ತು ಕೊಬ್ಬರಿಯ ವ್ಯಾಪಾರದ ಊರು. ಅಲ್ಲಿಯ ಹಮಾಲಿಗೆ, ಕಾಯಿ ಸುಲಿಯುವವನಿಗೆ, ನಿಲ್ದಾಣದ ಬದಿಯಲ್ಲಿ ಹೊತ್ತಾರೆಯೇ ತಿಂಡಿಯ ಗಾಡಿ ಹೂಡುವ ಹೆಂಗಸಿಗೆ, ಮನೆಯು ಊರ ಹೊರಗೆ ದೂರದಲ್ಲಿ ದೊರೆತರೆ ಆ ದೂರವೇ ದಿನದ ಕೂಲಿಯಲ್ಲೊಂದು ಪಾಲನ್ನು ನುಂಗುವುದು. ನಿವೇಶನಕ್ಕಾಗಿ ಸರ್ಕಾರಿ ಜಮೀನನ್ನು ಗುರುತಿಸುವವರಿಗೆ ಸರ್ವೆ ನಂಬರು ತಿಳಿದಿರುತ್ತದೆ. ಬೆಳಗಿನ ಮೊದಲ ರೈಲಿನ ಹೊತ್ತಿಗೆ ಅಲ್ಲಿಂದ ನಡೆದು ಬರಲು ಎಷ್ಟು ಹೊತ್ತಾಗುವುದೆಂಬುದು ಆ ಹೆಂಗಸಿಗೆ ತಿಳಿದಿರುತ್ತದೆ. ಈ ಎರಡು ತಿಳಿವಳಿಕೆಗಳೂ ಒಂದೇ ಮೇಜಿನ ಸುತ್ತ ಕೂಡದಿದ್ದರೆ, ಕಟ್ಟಿದ ಮನೆಗಳಿಗೆ ಬೀಗ ಬಿದ್ದು, ಹಂಚಿಕೆ ಪಡೆದವರು ಮತ್ತೆ ಪೇಟೆಯ ಬಾಡಿಗೆಯ ಕೊಠಡಿಗೇ ಮರಳುವಂತಾಗುವುದು.

ಬೇಲೂರು ಹಳೇಬೀಡುಗಳ ಸಂಕಟವು ಬೇರೆಯ ತೆರನದು. 2023ರ ಸೆಪ್ಟೆಂಬರಿನಲ್ಲಿ ಈ ಎರಡು ಊರುಗಳ ಹೊಯ್ಸಳ ದೇವಾಲಯಗಳು ಸೋಮನಾಥಪುರದ ಕೇಶವ ದೇವಾಲಯದೊಡನೆ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಕನ್ನಡಿಗರೆಲ್ಲರಿಗೂ ಅದು ಸಂತೋಷದ ದಿನವೇ. ಇದಕ್ಕೆ ಮೊದಲಿನಿಂದಲೂ, ಪ್ರಾಚೀನ ಸ್ಮಾರಕಗಳ 1958ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನವರೆಗೆ ಹೊಸ ಕಟ್ಟಡ ನಿಷಿದ್ಧ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರಿನಲ್ಲಿ ಕಟ್ಟುವುದು ನಿಯಂತ್ರಣಕ್ಕೆ ಒಳಪಟ್ಟದ್ದು. ಈ ನಿರ್ಬಂಧವು ಅಗತ್ಯವೆಂಬುದನ್ನು ನಾನು ಪೂರ್ಣಮನಸ್ಸಿನಿಂದ ಒಪ್ಪುತ್ತೇನೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಿಸಿದ ಕೇಶವನ ಎದುರಿಗೆ ಕಾಂಕ್ರೀಟಿನ ಮಹಡಿಗಳು ಏಳಬೇಕೆಂದು ಯಾರೂ ಬಯಸಲಾರರು. ಆದರೆ ಆ ನೂರು ಮೀಟರಿನೊಳಗೆ ತಲೆತಲಾಂತರದಿಂದ ಬಾಳುತ್ತಿರುವ ಕುಟುಂಬವು ಮಗನ ಮದುವೆಗೆಂದು ಒಂದು ಕೋಣೆಯನ್ನು ಕೂಡ ಸೇರಿಸಲಾರದು. ಕಡತದಲ್ಲಿ ಮಾತ್ರ ಅದು ಸ್ವಂತ ಮನೆಯುಳ್ಳ ಕುಟುಂಬ, ಆದುದರಿಂದ ವಸತಿ ಯೋಜನೆಗೆ ಅನರ್ಹ. ಲೋಕದ ಸಂಪತ್ತನ್ನು ಕಾಯುವ ಭಾರವನ್ನು ಬಡವರ ಕೆಲವು ಮನೆಗಳು ಹೊತ್ತಿರುವಾಗ ಅವರ ಅಡಚಣೆಯನ್ನು ಗಣನೆಗೆ ತರುವವರು ಯಾರು? ಯಾತ್ರಿಕರು ಹೆಚ್ಚಿದಂತೆ ವಸತಿಗೃಹಗಳಿಗೂ ಅಂಗಡಿಗಳಿಗೂ ನೆಲ ಬೇಕಾಗಿ, ಬೆಲೆಯೇರಿ, ಬಾಡಿಗೆದಾರರು ಊರ ಅಂಚಿಗೆ ಸರಿಯಬೇಕಾಗುವ ಭಯವೂ ಇದೆ. ಮನೆ ಕುಟುಂಬದ್ದಾಗಿ ನೆಲ ಊರಿನದಾಗಿರುವ ನ್ಯಾಸವು ಇಂತಹ ಊರುಗಳಿಗೆ ಒಪ್ಪುವಷ್ಟು ಬೇರೆ ಎಲ್ಲಿಯೂ ಒಪ್ಪದು.

ಬಡ ಸದಸ್ಯನಿಗೆ ಕಾನೂನು ಬಾರದು, ಲೆಕ್ಕ ಬಾರದು, ಅವನು ತನ್ನ ಬಂಧುಗಳಿಗೇ ಮನೆ ಕೊಡಿಸುವನು ಎಂಬ ಆಕ್ಷೇಪಣೆಗಳು ಏಳುವುವು. 1983ರ ನಮ್ಮ ಪಂಚಾಯತ್ ಕಾಯಿದೆಯು ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳನ್ನು ಮೀಸಲಿರಿಸಿದಾಗ, ಇಂತಹ ಮಾತುಗಳನ್ನೇ ಆಡಿದರು. 1987ರ ಚುನಾವಣೆಯಲ್ಲಿ ಸಾವಿರಾರು ಸ್ತ್ರೀಯರು ಆ ಸ್ಥಾನಗಳಿಗೆ ಬಂದರು, ಕೆಲಸವನ್ನು ಕೆಲಸದಿಂದಲೇ ಕಲಿತರು, ಮುಂದೆ ಇಡೀ ದೇಶವೇ ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಆ ಪ್ರಯೋಗದಿಂದ ಪಾಠ ಕಲಿಯಿತು. ಲೆಕ್ಕವನ್ನೂ ಕಾನೂನನ್ನೂ ಹೇಳಿಕೊಡಲು ಅಧಿಕಾರಿಗಳಿದ್ದಾರೆ. ಸೋರುವ ಹಂಚಿನ ಕೆಳಗಿನ ರಾತ್ರಿಯನ್ನು ಅಧಿಕಾರಿಗೆ ಹೇಳಿಕೊಡಲು ಆ ಬಡ ಸದಸ್ಯನೇ ಬೇಕು. ಪಕ್ಷಪಾತದ ಭಯವಾದರೋ ಬಡವನಿಗೆ ಮಾತ್ರ ಅಂಟಿದ್ದಲ್ಲ. ಖಾಸಗಿ ನ್ಯಾಸಗಳನ್ನು ಕುರಿತ 1882ರ ಭಾರತೀಯ ನ್ಯಾಸ ಅಧಿನಿಯಮವು, ನ್ಯಾಸಧಾರಿಯು ನ್ಯಾಸದ ಸ್ವತ್ತಿನಿಂದ ಸ್ವಂತ ಲಾಭವನ್ನು ಪಡೆಯಕೂಡದೆಂದೂ, ತಾನೇ ಮಾರಬೇಕಾದ ಸ್ವತ್ತನ್ನು ತಾನೇ ಕೊಳ್ಳಕೂಡದೆಂದೂ, ತನ್ನ ಹೊಣೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಕೈತೊಳೆದುಕೊಳ್ಳಕೂಡದೆಂದೂ ವಿಧಿಸಿದೆ; ಸಾರ್ವಜನಿಕರ ನಿವೇಶನಗಳನ್ನು ಹಂಚುವವರಿಗೆ ಆ ಧರ್ಮವು ಇನ್ನೂ ಹೆಚ್ಚಾಗಿ ಅನ್ವಯಿಸತಕ್ಕದ್ದು. ಬಂಧುವಿನ ಅರ್ಜಿ ಬಂದಾಗ ಸದಸ್ಯನು ಸಂಬಂಧವನ್ನು ತಿಳಿಸಿ ಎದ್ದು ಹೊರಗೆ ಹೋಗಬೇಕು, ಹೋದನೆಂಬುದು ನಡಾವಳಿಯ ಪುಸ್ತಕದಲ್ಲಿ ದಾಖಲಾಗಬೇಕು. ಶಾಸಕರಿಗೂ ಕಂಟ್ರಾಕ್ಟರಿಗೂ ಕೂಲಿಯವನಿಗೂ ಈ ನಿಯಮ ಒಂದೇ.

ನೇಮಕದ ವಿಧಾನವನ್ನು ಕುರಿತು ಹೆಚ್ಚಿಗೆ ಹೇಳಬೇಕಾದುದಿಲ್ಲ. ಸ್ಥಾನಗಳು ತೆರವಾದ ಸಂಗತಿಯನ್ನು ನಗರಸಭೆ, ಪುರಸಭೆಗಳ ನೋಟೀಸು ಹಲಗೆಯಲ್ಲಿಯೂ ಆಶ್ರಯ ಬಡಾವಣೆಗಳಲ್ಲಿಯೂ ಕನ್ನಡದಲ್ಲಿ ಪ್ರಕಟಿಸಿ ಅರ್ಜಿಗಳನ್ನು ಕರೆಯಬೇಕು. ಬಂದ ಹೆಸರುಗಳನ್ನು ಆಕ್ಷೇಪಣೆಗಾಗಿ ತೂಗುಹಾಕಬೇಕು. ಮನೆವಾಸಿಗಳ ಮತ್ತು ಕಾಯುತ್ತಿರುವವರ ಪ್ರತಿನಿಧಿಗಳನ್ನು ಬಡಾವಣೆಯ ಬಹಿರಂಗ ಸಭೆಯಲ್ಲಿ ಅವರೇ ಆರಿಸಿ ಕಳುಹಿಸಬೇಕು, ಸರ್ಕಾರವು ಆ ಹೆಸರುಗಳನ್ನೇ ಆದೇಶದಲ್ಲಿ ಬರೆಯಬೇಕು. ಎಲ್ಲ ಸದಸ್ಯರ ಅವಧಿಯೂ ಒಂದೇ ದಿನ ಮುಗಿಯದಂತೆ ಸರದಿಯಿರಿಸಿದರೆ, ಹಿಂದಿನ ತೀರ್ಮಾನಗಳ ಕಾರಣವನ್ನು ಬಲ್ಲವರು ಸದಾ ಕೆಲವರಿರುವರು. ಹೊಯ್ಸಳರ ಕಾಲದಲ್ಲಿ ದತ್ತಿಯ ಭೂಮಿಗೆ ಎಲ್ಲೆ ಯಾವುದು, ಅದನ್ನು ಯಾರ ಕೈಗೆ ಒಪ್ಪಿಸಿದೆ ಎಂಬುದನ್ನು ದಾನಿಗಳು ಕಲ್ಲಿನಲ್ಲಿ ಕೆತ್ತಿಸಿ ಎಲ್ಲರೂ ಓದುವೆಡೆಯಲ್ಲಿ ನಿಲ್ಲಿಸುತ್ತಿದ್ದರು. ನಮಗೆ ಒಂದು ಹಲಗೆಯೂ ಸೀಮೆಸುಣ್ಣವೂ ಸಾಕು.

ಇವುಗಳಲ್ಲಿ ಹೆಚ್ಚಿನವಕ್ಕೆ ವಿಧಾನಮಂಡಲದ ಹೊಸ ಕಾಯಿದೆ ಬೇಕಾಗದು. ಆಶ್ರಯ ಸಮಿತಿಗಳು ರಚಿತವಾಗುವುದೇ ಸರ್ಕಾರದ ಆದೇಶದಿಂದ, ಆದುದರಿಂದ ಆದೇಶದಿಂದಲೇ ಅವುಗಳನ್ನು ತಿದ್ದಬಹುದು. ಅರಸೀಕೆರೆ ಮತ್ತು ಬೇಲೂರುಗಳ ಮುಂದಿನ ಸಮಿತಿಗಳ ನೇಮಕದಲ್ಲಿ ಮೂರರಲ್ಲೊಂದು ಪಾಲು ಸ್ಥಾನಗಳನ್ನು ಆಶ್ರಯ ಬಡಾವಣೆಗಳ ನಿವಾಸಿಗಳಿಗೂ ನಿವೇಶನರಹಿತರಿಗೂ ಮೀಸಲಿಡಬೇಕೆಂದು ವಸತಿ ಇಲಾಖೆಯನ್ನು ಪ್ರಾರ್ಥಿಸುತ್ತೇನೆ. ಓದುಗರಲ್ಲಿ ನನ್ನದೊಂದು ವಿಜ್ಞಾಪನೆ: ನಿಮ್ಮ ಊರಿನ ಆಶ್ರಯ ಸಮಿತಿಯ ಸದಸ್ಯರು ಯಾರು, ಅವರಲ್ಲಿ ಆಶ್ರಯ ಮನೆಯಲ್ಲಿ ವಾಸಿಸುವವರು ಎಷ್ಟು ಮಂದಿ, ಕಳೆದ ಸಭೆ ನಡೆದದ್ದು ಯಾವಾಗ, ಎಂಬ ಮೂರು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಬರೆದು ನಗರಸಭೆಗೋ ಪುರಸಭೆಗೋ ಕೊಡಿ. 2005ರ ಅಧಿನಿಯಮದಂತೆ ಅವರು ಮೂವತ್ತು ದಿನಗಳೊಳಗಾಗಿ ಉತ್ತರ ಕೊಡತಕ್ಕದ್ದು.